ಪರದೆ ಕಪ್ಪಗಿದ್ದಷ್ಟು ದಿನ

ವೊನೊಗಿರಿ
೧೦ ಜೂನ್ ೨೦೧೬

ಗೆಂದುಕ್ ವೆನಿಂಗ್,

ನಿನಗೆ ಸಲಾಂ. ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಜೈಲಿನ ಅಮ್ಮನವರಿಗೂ ಸಲಾಂ. ನಾನು ಓದಿದ್ದು ಮೂರನೇ ತರಗತಿ, ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ. ಬೇಸರಪಡದೆ ಓದಿ ಮೊಮ್ಮಗಳಿಗೆ ದಾಟಿಸಬೇಕು.

ನಾನು ಬದುಕಿದ್ದೇನೆ. ಮಂಡಿ ಮಾತ್ರ ನನಗಿಂತ ಮುಂಚೆ ಹೋಗಿದೆ, ಅದಕ್ಕೇ ಬಸ್ಸು ಹತ್ತಿ ನಿನ್ನನ್ನು ನೋಡಲು ಬರಲಾಗಿಲ್ಲ. ವಿಷಯಕ್ಕೆ ಬರುತ್ತೇನೆ. ನವೆಂಬರ್ ನಡುವಿನಲ್ಲಿ ನಿನ್ನ ಮಗಳು ಆಸಿ ತೀರಿಕೊಂಡು ಸಾವಿರದ ದಿನ. ಗೋರಿಗೆ ಕಲ್ಲು ಕೂರಿಸುವುದು ನನ್ನ ಮಗ, ನಿನ್ನ ಪಾಕ್ದೆ ಗಿಮಾನನ ಪಾಲು, ಪುಸ್ತಕ ನನ್ನ ಪಾಲು. ನಲವತ್ತಕ್ಕೂ ನೂರಕ್ಕೂ ಅನ್ನದ ಬುಟ್ಟಿ ಹಂಚಿ ಸುಮ್ಮನಾದೆವು. ಸಾವಿರಕ್ಕೆ ಹಾಗೆ ಮಾಡಲಾಗದು. ಊರಲ್ಲಿ ಯಾರು ಸತ್ತರೂ ಪ್ರಾರ್ಥನೆಗೆ ಹಂಚುವ ಯಾಸೀನ್ ಪುಸ್ತಕ ನಿನ್ನ ಅಂಗಡಿಯಲ್ಲೇ ಆಗುತ್ತಿತ್ತು. ಮೊದಲ ಪುಟದಲ್ಲಿ ಸತ್ತವರ ಫೋಟೋ, ಕೆಳಗೆ ಹೆಸರು, ಬಂದ ದಿನ, ಹೋದ ದಿನ. ಹುಳಿ ಮೋರೆಯ ಪಾಕ್ ಸಾರ್ಮೊ ಕೂಡ ನಿನ್ನ ಪುಸ್ತಕದಲ್ಲಿ ನಗುತ್ತಿದ್ದ. ಅಂಥ ಅಂಗಡಿಯ ಮಗುವಿಗೇ ಪುಸ್ತಕವಿಲ್ಲ ಎಂದರೆ ನಾನು ಯಾವ ಮುಖ ಹೊತ್ತು ಬಾವಿಕಟ್ಟೆಗೆ ಹೋಗಲಿ?

ಮಸೀದಿಯ ಮೊದಿನ್ ಕಾಸ್ದಿ ಬಂದು ಉಪದೇಶ ಮಾಡಿದರು.

"ಎಂಬಾಹ್, ಐದು ವರ್ಷದ ಮಗೂಗೆ ಪಾಪ ಎಲ್ಲಿಂದ ಬಂತು? ಅದು ನೆಟ್ಟಗೆ ಸ್ವರ್ಗಕ್ಕೆ ಹೋಗಿದೆ. ಅದಕ್ಯಾಕೆ ಪುಸ್ತಕ, ಪ್ರಾರ್ಥನೆ?"

"ಅದಕ್ಕಲ್ಲ ಪಾಕ್ ಮೊದಿನ್, ಓದೋರಿಗೆ. ಪಾಪ ಇರೋದು ನಮ್ಮ ಹತ್ರ ತಾನೆ?"

ಗಡ್ಡ ಕೆರೆದುಕೊಂಡು ಹೋದರು.

ಈಗ ಫೋಟೋ ಬೇಕು. ನಿನ್ನ ಫೋನು ಕೋರ್ಟಿನಲ್ಲೇ ಉಳಿಯಿತು. ಬಾಲವಾಡಿಯ ಗುಂಪು ಫೋಟೋದಲ್ಲಿ ಮಗು ಹಿಂದೆ ತಿರುಗಿ ಯಾರಿಗೋ ಬೈಯುತ್ತಿದೆ, ಕಾಣುವುದು ಬರೀ ಜುಟ್ಟು. ನನ್ನ ರಕ್ತವೇ ಅದು. ಉಳಿದವೆಲ್ಲ ನಿನ್ನ ಕಂಪ್ಯೂಟರಿನೊಳಗೆ ಇವೆ. ಹಲ್ಲು ಬಿದ್ದದ್ದು, ಹಬ್ಬದ ಹಸಿರು ಅಂಗಿ, ಮೇಕೆಮರಿಯ ಜೊತೆಗಿನದು, ಎಲ್ಲ ನೀನೇ ತೋರಿಸಿದ್ದೆ. ತೀರ್ಪಾದ ಮೇಲೆ ಗೋಣಿಯಲ್ಲಿ ಕಟ್ಟಿ ಹಿಂದಕ್ಕೆ ಕೊಟ್ಟರಲ್ಲ, ಅಂದಿನಿಂದ ಮೂಲೆಯಲ್ಲಿ ಹಳೆಯ ಬಾಟಿಕ್ ಬಟ್ಟೆ ಹೊದ್ದು ಕೂತಿತ್ತು. ಮೊನ್ನೆ ಬುಧವಾರ ವಾಗೆ, ಐದು ವಾರಕ್ಕೊಮ್ಮೆ ಬರುವ, ಆಸಿ ಹುಟ್ಟಿದ ದಿನ. ಒಳ್ಳೆಯ ದಿನವೆಂದು ಹೊರಗೆ ಎಳೆದು ಗಿಮಾನನಿಂದ ತಂತಿ ಚುಚ್ಚಿಸಿದೆ. ಫ್ಯಾನು ಗುಂಯ್ ಎಂದಿತು. ತಯಾರಿಸಿದವರ ಗುರುತು ಒಮ್ಮೆ ಮೂಡಿತು. ಆಮೇಲೆ ಕಪ್ಪು. ಬಾವಿಗೆ ಇಣುಕಿದ ಹಾಗೆ ಅದರಲ್ಲಿ ನನ್ನ ಮೋರೆಯೇ ಕಂಡಿತು.

"ಸತ್ತಿದೆ ಸಿಂಬೋಕ್, ಗುಜರಿಗೆ ಹಾಕೋಣ," ಎಂದ ಗಿಮಾನ್.

"ನಿನ್ನ ಬೈಕೂ ಹಿಂಗೇ ಕೆಮ್ಮುತ್ತೆ, ಅದನ್ನ ಮೊದಲು ಹಾಕು," ಎಂದೆ.

ಏನು ಮಾಡಬೇಕು ಬರೆ. ನಿನಗೆ ಗೊತ್ತಿಲ್ಲದ ರೋಗವೇ ಆ ಡಬ್ಬಕ್ಕೆ?

ನಿನ್ನ ಸಿಂಬಾಹ್
ತುಮಿಯೆಮ್


ಸೆಮಾರಾಂಗ್
೨೪ ಜೂನ್ ೨೦೧೬

ಸಿಂಬಾಹ್ ಅವರಿಗೆ,

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಈಗ ಹೊಲಿಗೆ ವಿಭಾಗದಲ್ಲಿದ್ದೇನೆ. ಉಪವಾಸ ನಡೆಯುತ್ತಿದೆ.

ಕಂಪ್ಯೂಟರಿನ ಗೊಡವೆ ಬೇಡ, ಪಾಕ್ದೆ ಹೇಳಿದ ಹಾಗೆ ಮಾರಿಬಿಡಿ. ಕಡೆಯ ದಿನ ಅದಕ್ಕೆ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿದ್ದೆ. ಹಾಕಿ ಮುಗಿಸಿದಾಗಲೇ ಪರದೆ ಬರಲಿಲ್ಲ. ಮುಚ್ಚಿಹೋದ ಇಂಟರ್ನೆಟ್ ಅಂಗಡಿಯಿಂದ ತಂದ ಚಿತ್ರದ ಕಾರ್ಡು ಒಳಗಿದೆ, ಅದಕ್ಕೂ ಲಿನಕ್ಸಿಗೂ ಹೊಂದಲಿಲ್ಲ. ಹೊತ್ತಿರಲಿಲ್ಲ, ಹಾಗೇ ಬಿಟ್ಟೆ.

ಫೋಟೋದ ಜಾಗದಲ್ಲಿ ಹೂವು ಹಾಕಿಸಿ. ಎಷ್ಟೋ ಮನೆಯವರು ಹಾಗೆ ಮಾಡಿಸಿದ್ದಾರೆ. ಆಸಿಗೆ ಮಲ್ಲಿಗೆ ಇಷ್ಟ.

ವೆನಿಂಗ್


ವೊನೊಗಿರಿ
೨ ಜುಲೈ ೨೦೧೬

ಗೆಂದುಕ್,

ಹೂವಂತೆ! ಹೂವು ಹಾಕುವುದು ಫೋಟೋ ಎಂದರೇನೆಂದು ತಿಳಿಯುವ ಮೊದಲೇ ಸತ್ತ ಮುದುಕರಿಗೆ. ಐದು ವರ್ಷ ಊರೆಲ್ಲ ಕುಣಿದಾಡಿದ ಮಗುವಿಗೆ ಮೋರೆ ಇರಲಿಲ್ಲವೇ? ಡೆಂಗಿ ಬಂದು ನಾಲ್ಕು ದಿನ ನನ್ನ ಮಡಿಲಲ್ಲಿ ಬೆಂದು ಹೋಯಿತು. ನಿನಗೆ ಮಣ್ಣಿಗೂ ಬರಲಾಗಲಿಲ್ಲ. ಅದರ ಅಪ್ಪ ಯಾವ ಊರಲ್ಲಿ ಯಾರ ಮಕ್ಕಳಿಗೆ ಅಪ್ಪನಾಗಿದ್ದಾನೋ. ಅದಕ್ಕೆ ಇದ್ದವಳು ನಾನೊಬ್ಬಳು, ನಾನು ಹೂವು ಹಾಕಿ ಕೈ ತೊಳೆದುಕೊಳ್ಳಲೇ?

ನನ್ನ ಕೈಲಾಗದೆಂದು ತಿಳಿದಿದ್ದರೆ ಕೇಳು. ನೀನು ಹುಟ್ಟುವಾಗ ಕರುಳಬಳ್ಳಿ ಕೊರಳಿಗೆ ಸುತ್ತಿತ್ತು, ಬಿಡಿಸಿದ್ದು ಈ ಕೈ. ಕಂಪ್ಯೂಟರಿನ ತಂತಿ ಅದಕ್ಕಿಂತ ಜಾರುವುದಿಲ್ಲ.

ಹದಿಮೂರಕ್ಕೆ ಮತ್ತೆ ಬುಧವಾರ ವಾಗೆ. ಅದರೊಳಗೆ ಬರೆ. ಹಬ್ಬಕ್ಕೆ ಕೇತುಪತ್ ಬೇಯಿಸುತ್ತಿದ್ದೇನೆ, ನಿನ್ನ ಪಾಲಿನದನ್ನು ಗಿಮಾನನೇ ನುಂಗುತ್ತಾನೆ.

ಸಿಂಬಾಹ್


ಸೆಮಾರಾಂಗ್
೮ ಜುಲೈ ೨೦೧೬

ಸಿಂಬಾಹ್ ಅವರಿಗೆ,

ಹಬ್ಬದ ದಿನ ನಿಮ್ಮ ಕಾಲು ಮುಟ್ಟಲಾಗಲಿಲ್ಲ, ಇಲ್ಲಿಂದಲೇ ಮುಟ್ಟಿದೆ ಎಂದುಕೊಳ್ಳಿ. ತಪ್ಪಿದ್ದರೆ ಕ್ಷಮಿಸಿ.

ಒಂದೊಂದಾಗಿ ನೋಡೋಣ. ಡಬ್ಬದ ಬೆನ್ನಿಗೆ ಪರದೆಯ ಕೇಬಲ್ ಕೂರುವ ಜಾಗ ಎರಡಿವೆ. ಮೇಲಿನದು ಕೀಬೋರ್ಡಿನ ತಂತಿಯ ಹತ್ತಿರ, ಕೆಳಗಿನದು ಅಡ್ಡಡ್ಡ ಇದೆ. ಈಗ ಎಲ್ಲಿದೆಯೋ ಅಲ್ಲಿಂದ ಕಿತ್ತು ಇನ್ನೊಂದಕ್ಕೆ ಹಾಕಿ ನೋಡಿ. ಪರದೆ ಕಪ್ಪಗೇ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಕೀಬೋರ್ಡಿನ ಎಡಗಡೆ ಕ್ಯಾಪ್ಸ್ ಎಂದಿರುವ ಗುಂಡಿ ಒತ್ತಿ. ಮೂಲೆಯ ಹಸಿರು ದೀಪ ಹತ್ತಿ ಆರಿದರೆ ಒಳಗೆ ಲಿನಕ್ಸ್ ಓಡುತ್ತಿದೆ, ತೋರಿಸಲು ಮಾತ್ರ ಆಗುತ್ತಿಲ್ಲ ಎಂದರ್ಥ.

ಆತುರವೇನೂ ಇಲ್ಲ.

ವೆನಿಂಗ್


ವೊನೊಗಿರಿ
೧೪ ಜುಲೈ ೨೦೧೬

ಗೆಂದುಕ್,

ಮೇಲಿನದಕ್ಕೆ ಹಾಕಿದೆ, ಪರದೆ ಸಿಗ್ನಲ್ ಇಲ್ಲ ಎಂದು ಬರೆದು ಮಲಗಿಕೊಂಡಿತು. ಕೆಳಗಿನದಕ್ಕೆ ಹಾಕಿದೆ, ಗುರುತು ಬಂತು, ಮತ್ತೆ ಕಪ್ಪು. ಗುಂಡಿ ಒತ್ತಿದೆ. ದೀಪ ಹತ್ತಿತು. ಮತ್ತೆ ಒತ್ತಿದೆ, ಆರಿತು. ಹೇಳಿದ ಮಾತು ಕೇಳುತ್ತದೆ, ಮೋರೆ ಮಾತ್ರ ತೋರಿಸುವುದಿಲ್ಲ. ನಿನ್ನ ಹಾಗೆ.

ಅದರ ಪಕ್ಕದಲ್ಲಿ ಬಹಳ ಹೊತ್ತು ಕೂತೆ. ಆ ಹಸಿರು ದೀಪ ಹತ್ತಿಸುವುದು, ಆರಿಸುವುದು. ಒಳಗೆ ಆಸಿ ಎಚ್ಚರವಾಗಿದ್ದಾಳೆ, ಕದ ತಟ್ಟಿದರೆ ಓಗೊಡುತ್ತಾಳೆ ಎನ್ನಿಸಿತು. ಮುದುಕಿಗೆ ಮರುಳು ಎಂದು ಜೈಲಿನ ಅಮ್ಮನವರು ನಗಲಿ.

ಗಿಮಾನ್ ನಕ್ಕೇಬಿಟ್ಟ. "ಐದು ವಾರಕ್ಕೊಂದ್ಸಲ ಬರೋ ದಿನ ಕಾದು ಕಂಪ್ಯೂಟರ್ ಹಚ್ಚೋಳು ಇಡೀ ಜಾವಾದಲ್ಲಿ ನೀನೊಬ್ಬಳೇ ಸಿಂಬೋಕ್! ದಿನಾ ಹಚ್ಚು, ಬೇಗ ಗೊತ್ತಾಗುತ್ತೆ."

"ದಿನಾ ಹಚ್ಚಿದ್ಕೇ ನಿನ್ನ ಹೆಂಡ್ತಿ ಓಡಿಹೋಗಿದ್ದು," ಎಂದೆ. ಮರಗೆಣಸು ಒಣಹಾಕಲು ಹೋದ. ಮಗುವನ್ನು ಕರೆಯುವುದು ಮಗುವಿನ ದಿನವೇ. ಬೇರೆ ದಿನ ಕರೆದು ಬೇರೆ ಏನಾದರೂ ಎದ್ದು ಬಂದರೆ?

ಮುಂದಿನದು ಆಗಸ್ಟ್ ಹದಿನೇಳಕ್ಕೆ. ಬರೆ.

ಸಿಂಬಾಹ್


ವೊನೊಗಿರಿ
೧೯ ಆಗಸ್ಟ್ ೨೦೧೬

ಗೆಂದುಕ್,

ನೀನು ಬರೆದಂತೆ ಡಬ್ಬದ ಪಕ್ಕೆ ಬಿಚ್ಚಿದೆ. ಜಿರಲೆಯ ಸಂಸಾರವೊಂದು ಗಂಟು ಮೂಟೆ ಕಟ್ಟಿ ಓಡಿತು. ಚಿತ್ರದ ಕಾರ್ಡು ಕಿತ್ತು, ಅದರ ಹಳದಿ ಹಲ್ಲುಗಳನ್ನು ಶಾಲೆಮಕ್ಕಳ ರಬ್ಬರಿನಿಂದ ಉಜ್ಜಿ, ಬಿಸ್ಮಿಲ್ಲಾ ಹೇಳಿ ಕೂರಿಸಿದೆ. ಟಕ್ ಎಂದಿತು. ಪರದೆಯದು ಅದೇ ಕಪ್ಪು.

ಅಂದು ಸ್ವಾತಂತ್ರ್ಯದ ದಿನ. ದಾರಕ್ಕೆ ಕಟ್ಟಿದ ಹಪ್ಪಳವನ್ನು ಬಾಯಲ್ಲೇ ಕಚ್ಚಿ ತಿನ್ನುವ ಪಂದ್ಯ ಬೀದಿಯಲ್ಲಿ ನಡೆದಿತ್ತು. ಪಕ್ಕದ ಮನೆಯ ಲಾರಾಸ್, ಆಸಿಯ ಜೊತೆಗಾತಿ, ಸೋತು ಮೂತಿ ಉಬ್ಬಿಸಿಕೊಂಡು ಒಳಗೆ ಬಂದಳು. ಈಗ ಎಂಟು ವರ್ಷ ಅವಳಿಗೆ, ಉದ್ದ ಬೆಳೆದಿದ್ದಾಳೆ. ಆಸಿಯೂ ಇಷ್ಟುದ್ದ ಇರುತ್ತಿದ್ದಳೇನೋ.

"ಎಂಬಾಹ್, ಇದನ್ಯಾಕೆ ಬಿಚ್ಚಿದೀರಾ?"

"ಆಸಿ ಫೋಟೋ ಇದೆ ಇದರಲ್ಲಿ. ಹೊರಗೆ ಬರ್ತಿಲ್ಲ."

"ಅವಳು ಹಂಗೇ. ಬಚ್ಚಿಟ್ಕೊಂಡ್ರೆ ಬರ್ತಾನೇ ಇರ್ಲಿಲ್ಲ."

ಗೆಂದುಕ್, ಈಗ ಒಂದು ಮಾತು. ನೀನು ಕೋಳಿಗೆ ಹಾಕಿದಂತೆ ಒಂದೊಂದೇ ಕಾಳು ಹಾಕುತ್ತಿದ್ದೀಯ. ಈ ಡಬ್ಬವನ್ನು ನಿನ್ನ ಕೈಯಾರೆ ಕೂಡಿಸಿದವಳು ನೀನು. ಪಾಸಾಗದವರನ್ನೆಲ್ಲ ಇದರಲ್ಲೇ ಪಾಸು ಮಾಡಿ ಸರ್ಟಿಫಿಕೇಟು ಕೊಟ್ಟು ಒಳಗೆ ಹೋದವಳು. ನಿನಗೆ ಇದರ ಮದ್ದು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ಸೋಲೋ ಪೇಟೆಯಲ್ಲಿ ಒಬ್ಬ ರಿಪೇರಿಯವನಿದ್ದಾನಂತೆ, ಒಂದೇ ದಿನದಲ್ಲಿ ಒಳಗಿರುವುದನ್ನೆಲ್ಲ ತೆಗೆದುಕೊಡುತ್ತಾನಂತೆ. ನಿನ್ನಿಂದ ಪೂರ್ತಿ ಉತ್ತರ ಬರದಿದ್ದರೆ ಮುಂದಿನ ತಿಂಗಳು ಗಿಮಾನ್ ಬೈಕಿನ ಮೇಲೆ ಕಟ್ಟಿಕೊಂಡು ಹೋಗುತ್ತಾನೆ.

ಸಿಂಬಾಹ್


ಸೆಮಾರಾಂಗ್
೨೯ ಆಗಸ್ಟ್ ೨೦೧೬

ಸಿಂಬಾಹ್ ಅವರಿಗೆ,

ಸೋಲೋಗೆ ಕಳಿಸಬೇಡಿ. ಕೈ ಮುಗಿಯುತ್ತೇನೆ.

ಪೂರ್ತಿ ಬರೆಯುತ್ತೇನೆ. ಗುಂಡಿ ಒತ್ತಿದ ಕೂಡಲೇ, ಗುರುತು ಮಾಯವಾಗುವ ಮೊದಲು, ಶಿಫ್ಟ್ ಒತ್ತಿ ಹಿಡಿಯಿರಿ. ಎರಡು ಮೂರು ಸಾಲುಗಳು ಮೂಡುತ್ತವೆ. ಮೊದಲ ಸಾಲಿನ ಮೇಲಿದ್ದಾಗಲೇ e ಅಕ್ಷರ ಒತ್ತಿ. ತುಂಬ ಬರಹ ಬರುತ್ತದೆ, ಹೆದರಬೇಡಿ. linux ಎಂದು ಶುರುವಾಗುವ ಸಾಲು ಹುಡುಕಿ ಅದರ ಕೊನೆಗೆ ಹೋಗಿ. ಒಂದು ಜಾಗ ಬಿಟ್ಟು nomodeset ಎಂದು ಬರೆಯಿರಿ, ಎಲ್ಲ ಚಿಕ್ಕ ಅಕ್ಷರ, ನಡುವೆ ಜಾಗ ಬೇಡ. ಆಮೇಲೆ F10. ಲಿನಕ್ಸ್ ಆ ಕಾರ್ಡನ್ನು ಅದಕ್ಕೆ ಬಾರದ ಭಾಷೆಯಲ್ಲಿ ಮಾತಾಡಿಸುತ್ತಿದೆ, ಅದಕ್ಕೇ ಕಪ್ಪು. ಈ ಪದ ಹಾಕಿದರೆ ಜಾಣತನ ಬಿಟ್ಟು ಸಾದಾ ರೀತಿಯಲ್ಲಿ ತೋರಿಸುತ್ತದೆ. ಅಕ್ಷರ ದಪ್ಪದಪ್ಪ ಇರುತ್ತದೆ, ಆದರೆ ಪರದೆ ಬರುತ್ತದೆ. ಗುಟ್ಟಿನ ಪದ ಕೇಳಿದರೆ ಆಸಿಯ ಪೂರ್ತಿ ಹೆಸರು, kinasih.

ಇದು ಮೊದಲೇ ಗೊತ್ತಿತ್ತು.

ಪರದೆ ಬಂದಾಗ ಒಬ್ಬರೇ ಕೂತಿರಿ, ಪಾಕ್ದೆ ಪಕ್ಕದಲ್ಲಿರುವುದು ಬೇಡ. ಯಾರೋ ರಿಪೇರಿಯವನು ಅಂಗಡಿಯ ಕಿಟಕಿಯಾಚೆಯಿಂದ ಕೂಗಿ ಹೇಳುವುದಕ್ಕಿಂತ ನೀವೇ ನೋಡುವುದು ಮೇಲು. ಅವರು ನನ್ನನ್ನು ಕರೆದೊಯ್ಯುವ ಹಿಂದಿನ ಸಂಜೆ ನಾನು ಅಂಗಡಿಯಲ್ಲಿ ಕೂತಿದ್ದೆ. ಇದಕ್ಕಿಂತ ಹೆಚ್ಚು ಈ ಕಾಗದದಲ್ಲಿ ಬರೆಯುವ ಹಾಗಿಲ್ಲ.

ವೆನಿಂಗ್


ವೊನೊಗಿರಿ
೨೨ ಸೆಪ್ಟೆಂಬರ್ ೨೦೧೬

ಗೆಂದುಕ್,

ನಿನ್ನೆ ಬುಧವಾರ ವಾಗೆ. ಗಿಮಾನನನ್ನು ಸಂತೆಗೆ ಅಟ್ಟಿ, ಕದ ಹಾಕಿಕೊಂಡು ಕೂತೆ. ಮೊದಲ ಸಲ ಶಿಫ್ಟ್ ತಡವಾಯಿತು. ಎರಡನೇ ಸಲ ಪದದಲ್ಲಿ ಒಂದು ಅಕ್ಷರ ನುಂಗಿದೆ. ಮೂರನೇ ಸಲ ಬಂತು. ಕಪ್ಪಿನಿಂದ ಒಮ್ಮೆಲೇ ಬೆಳಕಾಯಿತು, ನನ್ನ ಕಣ್ಣೇ ಕುಕ್ಕಿತು. ದಪ್ಪ ದಪ್ಪ ಅಕ್ಷರದಲ್ಲಿ ನಿನ್ನ ಹೆಸರು. ಆಸಿಯ ಹೆಸರನ್ನು ಒಂದೇ ಬೆರಳಲ್ಲಿ ಒತ್ತಿದೆ. ಕದ ತೆರೆಯಿತು.

ಹೊಸ ಮನೆಯ ಹಾಗಿತ್ತು. ಸುಣ್ಣದ ವಾಸನೆ ಬರುವಂಥ ಮನೆ. ಚಿತ್ರಗಳು ಎಂದು ಬರೆದ ಪೆಟ್ಟಿಗೆ ತೆರೆದೆ. ಖಾಲಿ ಎಂದು ಬರೆದಿತ್ತು. ಮೂರನೇ ತರಗತಿಯವಳಿಗೂ ಆ ಪದ ಓದಲು ಬರುತ್ತದೆ. ಹಾಡಿನ ಪೆಟ್ಟಿಗೆ ಖಾಲಿ. ಕಾಗದದ ಪೆಟ್ಟಿಗೆ ಖಾಲಿ. ಮೇಕೆಮರಿ ಇಲ್ಲ, ಹಸಿರು ಅಂಗಿ ಇಲ್ಲ.

ಆಗ ನೆನಪಾಯಿತು. ಆ ಸಂಜೆ ನೀನು ಆಸಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದೇ ಪರದೆ ನೋಡುತ್ತಿದ್ದೆ. ಒಂದು ಪಟ್ಟಿ ಎಡದಿಂದ ಬಲಕ್ಕೆ ಹುಳುವಿನ ಹಾಗೆ ಹರಿಯುತ್ತಿತ್ತು. ಮಗು ಬೇಯಿಸಿದ ಗೆಣಸು ತಿಂದು ಮೋರೆಗೆಲ್ಲ ಬೆಲ್ಲ ಮೆತ್ತಿಕೊಂಡಿತ್ತು. "ನೋಡೇ ಇದರ ಅವತಾರ, ಒಂದು ಫೋಟೋ ಹೊಡಿ," ಎಂದೆ. "ನಾಳೆ ಹೊಡೀತೀನಿ ಸಿಂಬಾಹ್, ಇವತ್ತು ಮನೆ ಗುಡಿಸೋದಿದೆ," ಎಂದೆ ನೀನು. ಕೈಯಲ್ಲಿ ಪೊರಕೆ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಗುಡಿಸಬಾರದು, ಮನೆಯ ಭಾಗ್ಯವೂ ಕಸದ ಜೊತೆ ಹೋಗುತ್ತದೆ ಎಂದು ನಿನಗೆ ಎಷ್ಟು ಸಲ ಹೇಳಿದ್ದೆ. ಬೆಳಗಾಗುತ್ತಲೇ ಅವರು ಬಂದರು.

ಈ ಕಾಗದ ಓದುವ ಅಮ್ಮನವರೇ, ಇದು ಬರೀ ಕಸ ಗುಡಿಸುವ ಮಾತು, ಹೆಂಗಸರ ಮಾತು.

ಗುಡಿಸಿ ಏನು ಬಂತು ಗೆಂದುಕ್? ಕೊಂಡವರೇ ತಮ್ಮ ತಮ್ಮ ಸರ್ಟಿಫಿಕೇಟು ಹಿಡಿದು ಕೋರ್ಟಿಗೆ ಬಂದು ನಿನ್ನ ಕಡೆ ಬೆರಳು ಮಾಡಿದರು. ಹೋದದ್ದು ಮಗುವಿನ ಮುಖ ಒಂದೇ. ನಿನ್ನ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದೆ, ಯಾರೂ ಇರಲಿಲ್ಲ. ತಪ್ಪು ನಿನ್ನದು ಎಂದು ಬರೆಯಲು ಕೂತೆ. ಆದರೆ ಅಂದು ಮಗು ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಎದುರಿಗೇ ಇರುವ ಮಗುವಿನ ಫೋಟೋಕ್ಕಾಗಿ ಯಾರು ಅಳುತ್ತಾರೆ? ನಾಳೆ ಹೊಡೆದರಾಯಿತು.

ಜೂನಿನಲ್ಲಿ ನೀನು ಹೂವು ಎಂದೆ, ನಾನು ಕೇಳಲಿಲ್ಲ. ಆಮೇಲೆ ಒಂದೊಂದೇ ಕಾಳು ಹಾಕಿದೆ. ಪರದೆ ಕಪ್ಪಗಿದ್ದಷ್ಟು ದಿನ ಆಸಿ ನನಗೆ ಒಳಗಿದ್ದಳು. ಅಷ್ಟು ದಿನ ಉಳಿಸಿಕೊಟ್ಟೆ. ಅದಕ್ಕೆ ನಿನ್ನ ಕಿವಿ ಹಿಂಡಲೋ ತಲೆ ಸವರಲೋ ತಿಳಿಯುವುದಿಲ್ಲ. ಎರಡಕ್ಕೂ ನಿನ್ನ ತಲೆ ಕೈಗೆಟುಕುವುದಿಲ್ಲ.

ಗಿಮಾನ್ ಸಂತೆಯಿಂದ ಬಂದು, "ಬಂತಾ ಸಿಂಬೋಕ್?" ಎಂದ.

"ಇಲ್ಲ. ಅದೇ ಕಪ್ಪು," ಎಂದೆ. ಅಷ್ಟರಲ್ಲಿ ತಂತಿ ಕಿತ್ತಿದ್ದೆ.

ಸಿಂಬಾಹ್


ವೊನೊಗಿರಿ
೧೮ ಅಕ್ಟೋಬರ್ ೨೦೧೬

ಗೆಂದುಕ್,

ನಿನ್ನಿಂದ ಕಾಗದವಿಲ್ಲ. ಮಧ್ಯೆ ಒಂದು ಬರೆದಿದ್ದೆ, ಅದಕ್ಕೂ ಇಲ್ಲ. ಊಟ ಬಿಟ್ಟಿದ್ದರೆ ತಿನ್ನು. ಸಾಯುವ ಸರದಿ ನನ್ನದು, ನುಗ್ಗಬೇಡ.

ಒಂದು ವಿಷಯ ಕೇಳಬೇಕು. ನನ್ನ ಬಿಸ್ಕೆಟ್ ಡಬ್ಬಿಯಲ್ಲಿ ನಿನ್ನ ಬಾಲವಾಡಿಯ ಫೋಟೋ ಇದೆ. ನಿನಗೂ ಆಗ ಐದು. ಅದೇ ಹಣೆ, ಅದೇ ಚಪ್ಪಟೆ ಮೂಗು, ಯಾರಿಗೂ ಬಗ್ಗದ ಆ ನೋಟ. ಗಿಮಾನನಿಗೆ ತೋರಿಸಿದೆ.

"ಸಿಕ್ತಾ! ಎಲ್ಲಿತ್ತು ಆಸಿ ಫೋಟೋ?" ಎಂದ.

ಸ್ವಂತ ಪಾಕ್ದೆಗೇ ತಿಳಿಯಲಿಲ್ಲ. ಮೊದಿನ್ ಕಾಸ್ದಿಗೆ ಮಾತ್ರ ನಿಜ ಹೇಳಿದೆ. ದೇವರ ಕೆಲಸ ನೋಡು, ಅವರಿಗಾದರೂ ತಿಳಿದಿರಲಿ. ಅವರು ಬಿಳಿಚಿಕೊಂಡರು.

"ಸಲ್ಲದು ಎಂಬಾಹ್, ಖಂಡಿತ ಸಲ್ಲದು. ಬದುಕಿರೋರ ಮುಖ ಸತ್ತೋರ ಪುಸ್ತಕದಲ್ಲಿ ಹಾಕ್ತಾರಾ? ಊರೆಲ್ಲ ಆ ಮುಖ ನೋಡ್ಕೊಂಡು ಸತ್ತೋರ ಪ್ರಾರ್ಥನೆ ಮಾಡುತ್ತೆ. ಆ ಹುಡುಗಿ ಆಯುಷ್ಯ ಏನಾಗಬೇಕು?"

ನನಗೂ ಹೆದರಿಕೆ ಇಲ್ಲದಿಲ್ಲ. ಆಯುಷ್ಯ ನಿನ್ನದು, ನಿನ್ನನ್ನು ಕೇಳದೆ ಹಾಕಲಾರೆ. ಬೇಡವೆಂದರೆ ಮಲ್ಲಿಗೆ ಹೂವೇ ಹಾಕಿಸುತ್ತೇನೆ, ಮತ್ತೆ ಬಾಯಿ ಮಾಡುವುದಿಲ್ಲ. ತಿಂಗಳ ಕೊನೆಗೆ ಅಚ್ಚಿನ ಅಂಗಡಿಗೆ ಕೊಡಬೇಕು.

ಸಿಂಬಾಹ್


ಸೆಮಾರಾಂಗ್
೨೪ ಅಕ್ಟೋಬರ್ ೨೦೧೬

ಸಿಂಬಾಹ್,

ಹಾಕಿ.

ವೆನಿಂಗ್


ವೊನೊಗಿರಿ
೧೭ ನವೆಂಬರ್ ೨೦೧೬

ಗೆಂದುಕ್,

ಮೊನ್ನೆ ಎಲ್ಲ ಮುಗಿಯಿತು. ಮಳೆ ಹಿಡಿದಿತ್ತು, ಓದುವ ಹೊತ್ತಿಗೆ ಬಿಟ್ಟಿತು. ಗಿಮಾನ್ ಕಲ್ಲು ಸ್ವಲ್ಪ ವಾಲಿಸಿ ಕೂರಿಸಿದ್ದಾನೆ, ಅವನ ಬುದ್ಧಿಯ ಹಾಗೆ. ಆಪೆಮ್ ಕಡುಬು ಚೆನ್ನಾಗಿ ಉಬ್ಬಿತ್ತು. ಚಾಪೆ ಹಾಸಿದ ಅಂಗಳದಲ್ಲಿ ಗಂಡಸರೆಲ್ಲ ಸಾಲಾಗಿ ಕೂತು ನಿನ್ನ ಮುಖದ ಪುಸ್ತಕ ತೆರೆದರು. ನಾನು ಒಳಗಿನಿಂದ ಬಿದಿರು ತಟ್ಟಿಯ ಸಂದಿಯಲ್ಲಿ ನೋಡುತ್ತಿದ್ದೆ. ಓದುವಾಗ ಮೊದಿನ್ ಕಾಸ್ದಿ ಆ ಪುಟದ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದರು, ಕೊನೆಯವರೆಗೂ ತೆಗೆಯಲಿಲ್ಲ. ನಿನ್ನ ಮುಖ ಮುಚ್ಚಿ ನಿನ್ನ ಆಯುಷ್ಯ ಕಾಯುತ್ತಿದ್ದರು, ಪಾಪ. ಅಂದಿನಿಂದ ಅವರ ಗಡ್ಡದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಹೆಂಗಸರು ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಥೇಟ್ ಆಸೀನೇ," ಎಂದಳು ಟೆಂಪೆ ಮಾರುವವಳು. "ಮೊನ್ನೆ ಮೊನ್ನೆ ಓಡಾಡ್ತಿದ್ದಂಗಿದೆ," ಎಂದಳು ಮತ್ತೊಬ್ಬಳು. ನಾನು ಹೂಂ ಎಂದೆ. ಊರಿಗೆ ಊರೇ ಅವಳನ್ನು ಮರೆತಿದೆ ಎಂದು ಆಗ ತಿಳಿಯಿತು.

ಎಲ್ಲರೂ ಬುಟ್ಟಿ ಹಿಡಿದು ಹೋದ ಮೇಲೆ ಲಾರಾಸ್ ಉಳಿದಳು. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಎಂಬಾಹ್, ಇದು ಆಸಿ ಅಲ್ಲ."

"ಯಾಕೇ? ಎಲ್ರೂ ಹೌದು ಅಂತಿದ್ದಾರೆ."

"ಅವಳಿಗೆ ಕಣ್ಣು ಕೆಳಗೆ ಕರಿ ಮಚ್ಚೆ ಇತ್ತು. ಎಳ್ಳು ಅಂಟಿದೆ ಅಂತ ನಾನು ತೆಗೆಯೋಕೆ ಹೋಗಿದ್ದೆ, ಕಚ್ಚಿಬಿಟ್ಲು."

ಗೆಂದುಕ್, ಕಡೆ ನಾಲ್ಕು ದಿನ ಒದ್ದೆ ಬಟ್ಟೆಯಲ್ಲಿ ಆ ಮುಖ ಒರೆಸಿದವಳು ನಾನು. ಕಡೆಯ ಸ್ನಾನ ಮಾಡಿಸಿದವಳೂ ನಾನು. ನನಗೆ ಮಚ್ಚೆ ನೆನಪಿಲ್ಲ. ಯಾವಾಗ ಹೋಯಿತೋ, ಯಾರು ಗುಡಿಸಿದರೋ.

ಅವಳ ಕೈಗೆ ಕರಿ ಪೆನ್ನು ಕೊಟ್ಟು, "ಎಲ್ಲಿತ್ತೋ ಅಲ್ಲಿ ಇಡು," ಎಂದೆ. ಹುಡುಗಿ ಬಹಳ ಯೋಚಿಸಿದಳು. ನನ್ನ ಎದುರು ನಿಂತಳು, ತನ್ನ ಕೆನ್ನೆ ಮುಟ್ಟಿಕೊಂಡಳು, ನನ್ನದನ್ನು ಮುಟ್ಟಿದಳು, ಆಮೇಲೆ ಉಸಿರು ಬಿಗಿಹಿಡಿದು ಒಂದು ಚುಕ್ಕೆ ಇಟ್ಟಳು. ನಿನಗೆ ಕಳಿಸಿರುವುದು ಅದೇ ಪುಸ್ತಕ. ಮೊದಲ ಪುಟ ತೆರೆದಾಗ ಬೆಚ್ಚಬೇಡ.

ಆ ಚುಕ್ಕೆ ಸರಿಯಾದ ಕೆನ್ನೆಯ ಮೇಲಿದೆಯೇ ನೋಡಿ ಬರೆ. ಎಡವೋ ಬಲವೋ ಅವಳಿಗೂ ಗಟ್ಟಿಯಿಲ್ಲ. ನೋಡಿ ಹೇಳಲು ಇನ್ನು ಉಳಿದಿರುವವಳು ನೀನೊಬ್ಬಳೇ.

ನಿನ್ನ ಸಿಂಬಾಹ್
ತುಮಿಯೆಮ್